ಬಿಳಿ ಸಕ್ಕರೆಯೊಳಗಿನ ಕರಿ ಉಂಡಿ

ನನ್ನ ಮದುವೆ ಮುರಿಯಲು ನಾನು ಉಂಡಿ ಕಟ್ಟಿದೆ. ಹೀಗೆಂದರೆ ಮನೆಯ ಸಣ್ಣವರು ನಗುತ್ತಾರೆ. ನಗಲಿ, ಪೂರ್ತಿ ಯಾರಿಗೂ ಹೇಳಿಲ್ಲವಲ್ಲ.

ಅದು ದೊಡ್ಡ ಯುದ್ಧದ ಕಾಲ. ಸಕ್ಕರೆ ಕಂಟ್ರೋಲಿನಲ್ಲಿತ್ತು. ಕುಕನೂರಿನಲ್ಲಿ ನಮ್ಮದೇ ಕಿರಾಣಿ ಅಂಗಡಿ ಇದ್ದರೂ ಮಗಳ ಮದುವೆಯ ಸಕ್ಕರೆಗಾಗಿ ಅಪ್ಪ ನಾಲ್ಕು ಸಲ ಯಲಬುರ್ಗಾದ ಕಚೇರಿಗೆ ಎಡತಾಕಿ, ಅಂಗಲಾಚಿ ಪರ್ಮಿಟ್ ತಂದಿದ್ದ. ನನಗೆ ಹದಿನೈದು. ವರ ಕುಷ್ಟಗಿಯವನು, ಮೂವತ್ತು ದಾಟಿದವನು. ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಹೆಣ್ಣು ನೋಡಲು ಬಂದವನು ನನ್ನ ಮುಖವನ್ನೂ ನೋಡದೆ ಅವ್ವನನ್ನು ಕೇಳಿದ್ದ:

"ಎರಡು ಕೊಡ ನೀರು ಒಮ್ಮೆಲೇ ಹೊರ್ತಾಳೇನ್ರಿ?"

"ಹೊರ್ತಾಳ್ರಿ," ಅಂದಳು ಅವ್ವ. ಅಲ್ಲಿಗೆ ಮಾತು ಮುಗಿಯಿತು. ನಾನು ಎತ್ತೇ ಏನು? ಮೈ ಉರಿದುಹೋಯಿತು. ಅಳುತ್ತ ಎರಡು ದಿನ ಉಣ್ಣಲಿಲ್ಲ. "ಎಲ್ಲಾ ಹೆಣ್ಣಮಕ್ಕಳೂ ಹಿಂಗ ಮಾಡ್ತಾರ, ಬಿಡು," ಎಂದು ಅಜ್ಜಿ ಎಲೆಅಡಿಕೆ ಹಾಕಿಕೊಂಡಳು.

ನಮ್ಮಲ್ಲಿ ಅಕ್ಷತೆಗೆ ಮೊದಲು ಹೆಣ್ಣಿನ ಕಡೆಯವರು ತಿಂಡಿಯ ತಟ್ಟೆಗಳನ್ನು ಸಾಲಾಗಿ ಹೊತ್ತು ಬೀಗರ ಬಿಡಾರಕ್ಕೆ ಹೋಗುತ್ತಾರೆ. ಅದಕ್ಕೆ ರುಖವತ ಎನ್ನುತ್ತೇವೆ. ನಮ್ಮ ಮನೆತನದಲ್ಲಿ ಅದರೊಳಗಿನ ಎರಡು ಉಂಡಿಗಳನ್ನು, ತೆಂಗಿನಕಾಯಿಯಷ್ಟು ದೊಡ್ಡವು, ಮದುಮಗಳೇ ಕಟ್ಟಬೇಕು. ವರನ ತಾಯಿ ಎಲ್ಲರೆದುರು ಅವನ್ನು ಒಡೆದು ಸೊಸೆಯ ಕೈಗುಣ ನೋಡುತ್ತಾಳೆ. ಬೂಂದಿಯದಾಗಲಿ ರವೆಯದಾಗಲಿ, ಯಾವುದಾದರೂ ನಡೆಯುತ್ತದೆ. ಕರಿ ಎಳ್ಳು ಮಾತ್ರ ಮದುವೆಯ ಒಲೆಯ ಹತ್ತಿರ ಸುಳಿಯುವಂತಿಲ್ಲ. ಅದು ತಿಥಿಯ ದಿನ ಸತ್ತವರಿಗೆ ಬಿಡುವ ವಸ್ತು. ನನಗೆ ಬೇಕಾದದ್ದು ಅದೇ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಬಳೆಗಾರ ಬಂದ. ಹೆಂಗಸರೆಲ್ಲ ಹೊರಗೆ ಅವನ ಸುತ್ತ ಕೂತರು. ನಾನು ಬಾಗಿಲು ಮುಂದೆ ಮಾಡಿ, ಕರಿ ಎಳ್ಳು ಕುಟ್ಟಿ, ಇದ್ದುದರಲ್ಲಿ ಕಪ್ಪಾದ ಬೆಲ್ಲ ಕಲಸಿ ತುಪ್ಪ ಹಾಕಿ ಕಟ್ಟಿದೆ. ಇದ್ದಲಿನಂಥ ಎರಡು ಉಂಡಿಗಳಾದವು. ಇನ್ನು ಮೇಲೆ ಏನು ಮೆತ್ತುವುದು ಎಂಬುದೇ ತಲೆನೋವಾಯಿತು. ಕೊಬ್ಬರಿ ತುರಿ ಒತ್ತಿದೆ, ನಡುನಡುವೆ ಕರಿ ಇಣುಕಿತು. ಗಸಗಸೆ ಉದುರಿಹೋಯಿತು. ಕೊನೆಗೆ ಅಪ್ಪ ತಂದ ಸಕ್ಕರೆಯನ್ನೇ ನುಣ್ಣಗೆ ಕುಟ್ಟಿ, ವಸ್ತ್ರಗಾಳಿಸಿ, ಹಾಲು ತುಪ್ಪದಲ್ಲಿ ಗಟ್ಟಿಯಾಗಿ ಕಲಸಿ ಗೋಡೆಗೆ ಸುಣ್ಣ ಸಾರಿಸಿದಂತೆ ಎರಡು ಸಲ ಸಾರಿಸಿದೆ. ಒಣಗಿದ ಮೇಲೆ ಬೆಳ್ಳಗೆ ಹೊಳೆಯಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

"ಅಬಬಾ, ಬೆಳ್ಳಿ ಉಂಡಿ ಕಟ್ಟ್ಯಾಳ ನೋಡ್ರಿ ನನ್ನ ಮೊಮ್ಮಗಳು!" ಎಂದು ಅಜ್ಜಿ ದೃಷ್ಟಿ ತೆಗೆದಳು. ಹನ್ನೆರಡು ವರ್ಷದ ನನ್ನ ತಂಗಿ ಬಟ್ಟಲಿಗೆ ಅಂಟಿದ ಸಕ್ಕರೆಯನ್ನು ಬೆರಳಿನಿಂದ ಬಳಿದು ನೆಕ್ಕುತ್ತ ಕೂತಿದ್ದಳು.

ಬೀಗರ ಬಿಡಾರ ನಮ್ಮ ಎದುರು ಮನೆಯಲ್ಲೇ. ಮರುದಿನ ಹಸಿರು ಸೀರೆ ಉಟ್ಟು, ಬಾಸಿಂಗ ಕಟ್ಟಿಸಿಕೊಂಡು ನಾನು ಕಿಟಕಿಗೆ ಅಂಟಿ ನಿಂತೆ. ಆ ಪಡಸಾಲೆಯಲ್ಲಿ ನಡೆದದ್ದೆಲ್ಲ ಕಾಣುತ್ತಿತ್ತು. ವರನ ತಾಯಿ ನಗುನಗುತ್ತ ಉಂಡಿಯನ್ನು ಎತ್ತಿ ಒಡೆದಳು. ಅವಳ ಮಡಿಲ ತುಂಬ ಕರಿ ಪುಡಿ ಸುರಿಯಿತು. ವಾದ್ಯದವರೂ ನುಡಿಸುವುದನ್ನು ಬಿಟ್ಟರು.

"ನಮ್ಮನ್ನ ಮದುವಿಗೆ ಕರದೀರೋ, ತಿಥಿಗೆ ಕರದೀರೋ?" ವರನ ದೊಡ್ಡಪ್ಪ ಗುಡುಗಿದ. "ಈ ಹುಡುಗಿ ನಮಗ ಬ್ಯಾಡ!"

ಹೆಂಡತಿ ಸತ್ತ ಆ ಮನುಷ್ಯ ತಾಯಿಯ ಮಡಿಲಲ್ಲಿದ್ದ ಎಳ್ಳನ್ನೇ ನೋಡುತ್ತ ಕೂತಿದ್ದ. ಅಪ್ಪ ರುಮಾಲು ತೆಗೆದು ದೊಡ್ಡಪ್ಪನ ಕಾಲ ಬಳಿ ಇಟ್ಟ. ಅಪ್ಪನ ಬೋಳು ತಲೆಯನ್ನು ಹೊರಗೆ ನಾಲ್ಕು ಜನರೆದುರು ನಾನು ಎಂದೂ ನೋಡಿರಲಿಲ್ಲ. ಆದರೂ ಸುಳ್ಳು ಯಾಕೆ ಹೇಳಲಿ, ಗೆದ್ದೆ ಎಂದೇ ಅಂದುಕೊಂಡೆ. ನಾನೇ ಬಾಸಿಂಗ ಬಿಚ್ಚಿ ಗೂಡಿನಲ್ಲಿಟ್ಟೆ.

ಹಿರಿಯರು ಬಹಳ ಹೊತ್ತು ಮಾತಾಡಿದರು. ಆಮೇಲೆ ಅವ್ವ ಒಳಗೆ ಬಂದಳು.

"ತಪ್ಪಿ ಹಾಕಿದ್ಯೋ, ಬೇಕಂತ ಹಾಕಿದ್ಯೋ?"

"ತಪ್ಪಿ," ಎಂದೆ. "ಡಬ್ಬಿ ಅದಲುಬದಲಾತು."

"ಸೀರಿ ಬಿಚ್ಚು."

"ಯಾಕ?"

"ನಿನ್ನ ತಂಗಿಗೆ ಉಡಸಬೇಕು. ಹಂದರ ಹಾಕೈತಿ, ಊರು ಕೂಡೈತಿ. ಬರಿಗೈಲೆ ಹೋಗಾಕ ಅವರೂ ಒಲ್ಲರು. ಸಣ್ಣಾಕಿನ್ನ ಕೊಡ್ರಿ ಅಂದಾರ, ನಿಮ್ಮಪ್ಪ ಹೂಂ ಅಂದಾನ."

ನಾನು ಅವ್ವನ ಕೈ ಹಿಡಿದು, "ಅಕಿ ಭಾಳ ಸಣ್ಣಾಕಿ, ಯವ್ವಾ. ನಾನ ಆಗ್ತೀನಿ. ನೀರು ಹೊರ್ತೀನಿ, ಏನ ಹೇಳಿದ್ರೂ ಮಾಡ್ತೀನಿ," ಎಂದು ಬಡಬಡಿಸಿದೆ. "ನಿನ್ನ ಒಲ್ಲೆ ಅಂದಾರ," ಎಂದು ಅವ್ವ ನನ್ನ ಸೆರಗು ಎಳೆದಳು. ಸೀರೆ ತಂಗಿಗೆ ಉದ್ದವಾಯಿತು. ಸೊಂಟದ ಬಳಿ ಮಡಿಕೆಯ ಮೇಲೆ ಮಡಿಕೆ ಹಾಕಿ ದಾರದಿಂದ ಬಿಗಿದರು. ಅದೇ ಮುಹೂರ್ತಕ್ಕೆ ಅಕ್ಷತೆ ಬಿತ್ತು.

ಸಂಜೆ ಗಾಡಿ ಹೂಡಿದಾಗ ನಾನು ಮೂಲೆಯಲ್ಲಿ ಅಳುತ್ತ ನಿಂತಿದ್ದೆ. ತಂಗಿ ಮಡಿಕೆಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನ ಹತ್ತಿರ ಬಂದಳು.

"ಅಕ್ಕಾ, ನೀ ಗಡಿಬಿಡ್ಯಾಗ ಡಬ್ಬಿ ತಪ್ಪಿ ತಗದಿ ಅಂತ ನಂಗೊತ್ತೈತಿ. ನಿನ್ನ ಮದುವಿ ನಾ ಕಸಗೊಂಡೆ ಅಂತ ಸಿಟ್ಟಾಗಬ್ಯಾಡ."

ನಾನು ಬಾಯಿ ಬಿಡಲಿಲ್ಲ. ಅವಳು ಅದೇ ಸೀರೆಯ ಸೆರಗಿನಿಂದ ನನ್ನ ಕಣ್ಣು ಒರೆಸಿ ಗಾಡಿ ಹತ್ತಿದಳು.