ಪರದೆಯ ಹೊರಗಿನ ಲೆಕ್ಕ

ಅಂದು ನಲ್ಲಿಯ ನೀರು ಹಿಡಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ರೊಟ್ಟಿ ಬಡಿದೆ, ಮಜ್ಜಿಗೆ ಕಡೆದೆ, ಎರಡು ಸೀರೆ ಒಗೆದು ಹರವಿದೆ. ಶಾಲೆ ಬಿಟ್ಟ ಮೇಲೆ ಎಂಟನೆಯ ಇಯತ್ತೆಯ ನಾಲ್ವರು ಹುಡುಗಿಯರನ್ನು ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದೆ.

ಕಾರಣ ಶೇಕಡಾ ಲೆಕ್ಕ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಹಿಂದಿನ ವಾರ ಹಲಗೆಯ ಮೇಲೆ ಬರೆದಿದ್ದೆ: ಐವರು ಗೆಳತಿಯರು ಹೋಟೆಲಿನಲ್ಲಿ ತಿಂದರು, ಬಿಲ್ಲು ಇಷ್ಟು, ಸಪ್ಲಾಯರನಿಗೆ ನೂರಕ್ಕೆ ಹತ್ತರಂತೆ ಭಕ್ಷೀಸು, ತಲಾ ಎಷ್ಟು?

ಒಬ್ಬಳು ಎದ್ದು, "ತಲಾ ಯಾಕ್ರಿ ಅಕ್ಕೋರ? ಎಲ್ಲಾರಕಿಂತ ಹಿರ್ಯಾಂವ ಕೊಡ್ತಾನ್ರಿ," ಎಂದಳು.

"ಗೆಳತ್ಯಾರು ಅಂತ ಬರದೇನಿ. ಹಿರ್ಯಾಂವ ಎಲ್ಲಿಂದ ಬಂದ?"

"ಹಂಗಾರ ಅವರು ಹೋಟೆಲಿಗೆ ಹೆಂಗ ಹೋದ್ರು?"

ಇಡೀ ವರ್ಗ ನಕ್ಕಿತು. ನನಗೆ ನಗು ಬರಲಿಲ್ಲ. ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಆ ಹುಡುಗಿಯರಲ್ಲಿ ಒಬ್ಬಳೂ ಹೋಟೆಲಿನ ಬೆಂಚಿನ ಮೇಲೆ ಕೂತವಳಲ್ಲ. ಮುಂದಿನ ವಾರ ಹೋಟೆಲಿಗೇ ಹೋಗೋಣ, ಬರುವವರು ವರ್ಗಣಿ ತರಬೇಕು ಎಂದೆ. ಗಣಪತಿಗೆ ಮನೆಮನೆಯವರು ಹಾಕುವ ಹಾಗೆ, ಅವರವರ ಪಾಲು.

ಹೋಟೆಲಿನ ಮಾಲಕ ರೊಕ್ಕದ ಗಲ್ಲೆಯಿಂದಲೇ ಕೂಗಿದ: "ಅಕ್ಕೋರ, ಒಳಗ ಫ್ಯಾಮಿಲಿ ರೂಮ್ ಐತ್ರಿ. ಪರದೆ ಬಿಡಸ್ತೀನಿ."

"ದರದ ಫಲಕ ಇಲ್ಲಿ ಐತೆಲ್ಲರಿ. ಪರದೆ ಒಳಗ ಕೂತ್ರ ಮಕ್ಕಳು ಏನ ನೋಡಿ ಲೆಕ್ಕ ಮಾಡಬೇಕು?"

ನಡುವಿನ ಟೇಬಲ್ಲಿಗೇ ಕೂತೆವು. ಸುತ್ತಲಿನ ಗಂಡಸರು ಚಹದ ಬಸಿ ಕೆಳಗಿಳಿಸಿ ನೋಡಿದರು. ನೋಡಲಿ ಎಂದು ಖಾರದ ಕಾಳುಸಾರಿನ ಮಿಸಳ ಹೇಳಿದೆ.

ಮಿಸಳ ಮೂರು ರೂಪಾಯಿ, ಚಹ ಒಂದು. ಐದು ಮಿಸಳ, ನಾಲ್ಕು ಚಹಕ್ಕೆ ಭಕ್ಷೀಸು ಸೇರಿಸಿ ಇಪ್ಪತ್ತು ರೂಪಾಯಿ ತೊಂಬತ್ತು ಪೈಸೆ ಆಯಿತು. ಅದನ್ನು ಐದರಿಂದ ಭಾಗಿಸಲು ಹೊರಟ ಗೆಳತಿಯರನ್ನು ಎರಡು ಜಡೆಯ ಹುಡುಗಿಯೊಬ್ಬಳು ತಡೆದಳು.

"ನಾ ಚಾ ಕುಡದಿಲ್ಲ. ಚಾದ ರೊಕ್ಕ ನನ್ನ ಮ್ಯಾಲ ಯಾಕ?"

ಅಷ್ಟರಲ್ಲಿ ಬಾಗಿಲಲ್ಲಿ ಗಂಡು ದನಿ: "ಏಳ ಮ್ಯಾಲ!" ಸಂತೆಗೆ ಬಂದಿದ್ದ ಅವಳ ಕಾಕಾ. "ಮಂದಿ ಮುಂದ ಹೋಟೆಲಿನ್ಯಾಗ ಕುಂತೀಯಲ್ಲ, ನಾಚಿಕಿ ಬರೂದಿಲ್ಲ?"

"ತಡಿ ಕಾಕಾ, ಭಕ್ಷೀಸ ಉಳದೈತಿ."

ಮಿಸಳಕ್ಕೆ ಮೂರು, ನೂರಕ್ಕೆ ಹತ್ತರಂತೆ ಮೂವತ್ತು ಪೈಸೆ. ತುಟಿ ಅಲುಗಿಸುತ್ತ ಮೂರು ಮೂವತ್ತನ್ನು ಟೇಬಲ್ಲಿನ ಮೇಲೆ ಎಣಿಸಿಟ್ಟೇ ಎದ್ದಳು.

ಕಾಕಾ ನನ್ನ ಕಡೆ ತಿರುಗಿ, "ನಾಳಿಯಿಂದ ಇಕಿ ಸಾಲಿ ಬಂದ್ ರೀ," ಎಂದ. ತಂದೆಯಿಲ್ಲದ ಆ ಮನೆಯಲ್ಲಿ ಆತನದೇ ಮಾತು ನಡೆಯುತ್ತಿತ್ತು.

ನಮ್ಮ ಮನೆಗೆ ಹೇಳಿ ಕಳಿಸಿ, ಅದೇ ಸಂಜೆ ರಾಯಬಾಗದ ಬಸ್ಸು ಹತ್ತಿ ಅವರ ಊರಲ್ಲಿ ಇಳಿದೆ. ಅವರ ಮನೆಯ ಕಟ್ಟೆಯ ಮೇಲೆ ಕೂತೆ. "ಹುಡುಗಿನ್ನ ನನ್ನ ಕೂಡ ಸಾಲಿಗೆ ಕಳಸೂತನಕ ಏಳೂದಿಲ್ಲ."

"ಕಡೀ ಬಸ್ ಹೋಗ್ತೈತ್ರಿ ಅಕ್ಕೋರ," ಎಂದ ಕಾಕಾ.

"ಹೋಗ್ಲಿ. ಇಕಿ ಏನ ತಪ್ಪ ಮಾಡ್ಯಾಳ ಹೇಳ್ರಿ. ಹಸಿವ್ಯಾಗಿತ್ತು, ತಿಂದ್ಲು. ತಿಂದದ್ದಕ್ಕ ರೊಕ್ಕ ಕೊಟ್ಲು. ನೀವೂ ಅಷ್ಟ ಮಾಡ್ತೀರಿ."

"ನಾ ಗಂಡಸು ರೀ."

"ಅದಕ್ಕ ಮಿಸಳದ ದರ ಬ್ಯಾರೆ ಐತೇನು?"

ಒಳಗೆ ಅವಳ ಅಜ್ಜಿ ಕಿಸಕ್ಕನೆ ನಕ್ಕಳು. ಕಾಕಾ ಆ ಕಡೆ ಕಣ್ಣು ಬಿಟ್ಟ. ಬಸ್ಸು ಹಾರ್ನ್ ಹೊಡೆದು ಹೋಯಿತು. ನಾನು ಕೂತೇ ಇದ್ದೆ.

ದೀಪ ಹಚ್ಚುವ ಹೊತ್ತಿಗೆ, ಅಲ್ಲಿಯತನಕ ಬಾಯಿ ಬಿಡದ ತಾಯಿ ಹೊರಗೆ ಬಂದಳು. ಮಾತು ನನಗೆ, ನೋಟ ಮೈದುನನ ಮೇಲೆ: "ಮುಂಜಾನಿ ಮೊದಲನೇ ಬಸ್ಸಿಗೆ ಇಬ್ಬರೂ ಹೋಗ್ರಿ ಅಕ್ಕೋರ. ನಾ ಬುತ್ತಿ ಕಟ್ಟತೀನಿ. ಈಗ ಕೈ ತೊಳಕೊಳ್ರಿ."

ಆತ ಚಪ್ಪಲಿ ಬಿಟ್ಟು ಒಳಗೆ ಹೋದ.

ಬಿಸಿ ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ, ಎಮ್ಮೆಯ ಮೊಸರು. ಎರಡು ಜಡೆಯವಳು ನನ್ನ ಪಕ್ಕದಲ್ಲೇ ಕೂತು ಉಂಡಳು. ಕಾಕಾ ಗೋಡೆಯ ಕಡೆ ಮುಖ ಮಾಡಿ, ಎಲ್ಲರಿಗಿಂತ ಮೊದಲು ನಿದ್ದೆ ಹೋದ.