ಗುತ್ತೆಪ್ಪ ಬಿಗಿದ ನೈಲಾನ್ ಗಂಟು

ಹರಿಹರದ ಹೊಳೆದಂಡೆಯಲ್ಲಿ ಗಾಳ ಹಾಕುವವರು ಬಹಳ ಜನ. ಚಿಪ್ಪು ಕಟ್ಟಿ ಹಾಕುವವನು ಮಾತ್ರ ಗುತ್ತೆಪ್ಪನೊಬ್ಬನೇ. ತೂತು ಕೊರೆದ ತೆಂಗಿನ ಚಿಪ್ಪಿನೊಳಗೆ ಕಲ್ಲಿಟ್ಟು, ಶೇಂಗಾ ಹಿಂಡಿಯನ್ನೂ ತವುಡನ್ನೂ ಕಲಸಿ ಮೆತ್ತುತ್ತಾನೆ. ಅದು ನೀರಿನಲ್ಲಿ ಕರಗಿದಂತೆ ಮೀನುಗಳು ವಾಸನೆ ಹಿಡಿದು ಬರುತ್ತವೆ. ಗಾಳದ ದಾರ ಗಟ್ಟಿಯದು. ಅದಕ್ಕೆ ಚಿಪ್ಪು ಬಿಗಿಯುವುದು ಹಳೇ ಹತ್ತಿ ನೂಲಿನಲ್ಲಿ. ಚಿಪ್ಪು ಬಂಡೆಸಂದಿಗೆ ಸಿಕ್ಕರೆ ಒಂದು ಜಗ್ಗಿಗೆ ನೂಲು ಹರಿದು ಚಿಪ್ಪು ಹೋಗಬೇಕು, ಮೀನು ಕಟ್ಟುಬಿದ್ದು ಸಾಯಬಾರದು. ಅಪ್ಪ ಕಲಿಸಿದ ರೀತಿ.

"ಮನ್ಯಾಗ ಕಾಯಿ ಕಂಡು ತಿಂಗ್ಳಾತು, ಹೊಳಿಗೆ ಮಾತ್ರ ದಿನಾ ಚಿಪ್ಪು!" ಎಂದು ಹೆಂಡತಿ ಉಡಚಮ್ಮ ಹಂಗಿಸುತ್ತಿದ್ದಳು. ಕೇಳಿ ಕೇಳಿ ಸಾಕಾಗಿ, ಇನ್ನು ಚಿಪ್ಪು ಕಳೆಯದಿರಲೆಂದು ದಾವಣಗೆರೆ ಪೇಟೆಯಿಂದ ತಂದ ಹೊಸ ನೈಲಾನ್ ದಾರದಲ್ಲೇ ಚಿಪ್ಪನ್ನೂ ಬಿಗಿದುಬಿಟ್ಟ.

ಇವತ್ತು ನಾನು ಮಗುವಿನ ಬಟ್ಟೆ ಒಗೆಯಲು ಹೋದಾಗ ಅವನು ಸೊಂಟಮಟ್ಟ ನೀರಿನಲ್ಲಿದ್ದ. ದಾರವನ್ನು ಮುಂಗೈಗೆ ಸುತ್ತಿಕೊಳ್ಳುವುದು ಅವನ ರೂಢಿ. ದೊಡ್ಡ ಮೀನು ಕಚ್ಚಿತ್ತು, ಚಿಪ್ಪು ಬಂಡೆಗೆ ಸಿಕ್ಕಿತ್ತು. ಜಗ್ಗಿದಷ್ಟೂ ಕೈಯ ಸುತ್ತು ಬಿಗಿಯಿತೇ ಹೊರತು ದಾರ ಹರಿಯಲಿಲ್ಲ. ಮೇಲ್ಗಡೆ ಮಳೆಯಾಗಿ ಕೆಂಪು ನೀರು ಅವನ ಎದೆಗೇರುತ್ತಿತ್ತು.

ನನ್ನ ಸೊಂಟದಲ್ಲಿ ಮಗು. ಇಳಿಯುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಕೂಗಿದೆ. ದಂಡೆಯಲ್ಲಿ ಮೀನು ಮಾರುತ್ತಿದ್ದ ಉಡಚಮ್ಮ ಕತ್ತಿ ಹಿಡಿದೇ ಓಡಿಬಂದು ನೀರಿಗಿಳಿದಳು.

"ಮೊದ್ಲು ಚಿಪ್ಪಿನ ಕಡೆ ಕೊಯ್ಯೇ! ಮೀನು ಕಟ್ಟಾಕಿದಂಗೆ ಸಾಯ್ತೈತೆ!"

"ನೀ ಮುಳುಗಾಕ ಹತ್ತೀಯ, ನಿಂಗೆ ಮೀನಿನ ಚಿಂತಿ! ಕೈ ತಾ ಇಲ್ಲಿ!"

ಬಂಡೆಯವರೆಗೆ ಹೋಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ. ಮುಂಗೈ ಹತ್ತಿರವೇ ಕೊಯ್ದು ಅವನನ್ನು ದಂಡೆಗೆ ಎಳೆತಂದಳು. ಗಾಯ ಆಳವಾಗಿತ್ತು. ಮಗುವಿನ ಬಟ್ಟೆಯೊಂದನ್ನು ಹರಿದು ಸುತ್ತಿದೆ.

"ಬಾಳ ನೋವೈತೇನಪ್ಪಾ?" ಎಂದು ಕೇಳಿದೆ.

ಅವನು ಬಂಡೆಯತ್ತಲೇ ನೋಡುತ್ತಿದ್ದ. ಅಲ್ಲಿ ಒಂದೇ ಜಾಗದಲ್ಲಿ ಒಂದು ಬಾಲ ನೀರು ಬಡಿಯುತ್ತಿತ್ತು.

"ಇನ್ನೂ ಅಲ್ಲೇ ಐತ್ರಿ ಅಕ್ಕಾರೆ. ಬಿಡಿಸ್ಬೇಕಂದ್ರೆ ಹೊಳಿ ಬಿಡವಲ್ದು."

"ಏಳು, ಮನೀಗೆ ಹೋಗಾನ," ಎಂದಳು ಉಡಚಮ್ಮ. ಅವನು ಏಳಲಿಲ್ಲ. ಬೈಯಲು ಬಾಯಿ ತೆರೆದವಳು ಆ ಬಾಲವನ್ನು ಕಂಡು ಅವನ ಪಕ್ಕದಲ್ಲೇ ಕುಳಿತಳು.

ಮಗು ಹಸಿದು ಅಳತೊಡಗಿತು. ಹಸಿಬಟ್ಟೆ ಹಿಂಡಿಕೊಂಡು ಮೆಟ್ಟಿಲು ಹತ್ತಿದೆ. ಹಿಂದೆ ನೀರು ಬಡಿಯುವ ಸದ್ದು ನಿಂತಿರಲಿಲ್ಲ.