ಹತ್ತು ಬೆರಳಿಗೆ ಹನ್ನೊಂದು ವ್ಯೂಹ

ಎಮ್ಮೆಯ ಪಕ್ಕೆಗೆ ಅಂಗೈ ಇಟ್ಟರೆ ಎಷ್ಟು ತಿಂಗಳ ಗಬ್ಬ ಎಂದು ಹೇಳುತ್ತೇನೆ. ಬಾಯಿ ತೆರೆಸಿ ಹಲ್ಲು ನೋಡಿದರೆ ವಯಸ್ಸು, ಕೆಚ್ಚಲಿನ ನರ ನೋಡಿದರೆ ಹಾಲು. ರಾಯಬಾಗ, ಅಥಣಿ, ಚಿಕ್ಕೋಡಿಯ ದನದ ಸಂತೆಗಳಲ್ಲಿ ಮೂವತ್ತು ವರ್ಷ ದಲ್ಲಾಳಿ ಮಾಡಿ ಕಲಿತ ವಿದ್ಯೆ ಇದು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಕಾಗವಾಡದ ಹತ್ತಿರ ನಾಲ್ಕು ಎಕರೆ ಕಬ್ಬು, ಒಂದು ಎಕರೆ ದ್ರಾಕ್ಷಿ ಮಾಡಿದ್ದು ಈ ಎರಡು ಕೈಗಳಿಂದಲೇ. ಇಂಥ ಮನುಷ್ಯನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಸ್ವಂತ ಹೆಂಡತಿಯ ದವಾಖಾನೆಯ ಫೈಲು ಓದಲು ಬರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹೋದ ವರ್ಷ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ ಮುಗಿದ ಹೊತ್ತಿಗೆ ಆಕೆಯ ಕಾಲು ಬಾತವು. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಊಟ ಸೇರದು, ಎರಡು ಕೊಡ ನೀರು ತಂದರೆ ಏದುಸಿರು. ಅಥಣಿಯ ಡಾಕ್ಟರರು ರಕ್ತ, ಮೂತ್ರ, ಸ್ಕ್ಯಾನ್ ಎಲ್ಲ ಮಾಡಿಸಿ ಎರಡೂ ಕಿಡ್ನಿ ಸೋಲುತ್ತಿವೆ ಎಂದರು. ಕ್ರಿಯಾಟಿನಿನ್ ಎನ್ನುವ ಒಂದು ಅಂಕಿ ಎರಡು ಪಾಯಿಂಟ್ ನಾಲ್ಕು ಇದೆ, ಅದು ಹೀಗೇ ಏರುತ್ತ ಹೋದರೆ ಒಂದು ದಿನ ಡಯಾಲಿಸಿಸ್ ಯಂತ್ರಕ್ಕೆ ಹಚ್ಚಬೇಕಾಗುತ್ತದೆ ಎಂದೂ ಹೇಳಿದರು. ಆಕೆಗೆ ಯಂತ್ರ ಎಂದರೆ ಏನೆಂದು ಗೊತ್ತಿತ್ತು. ನಿಪ್ಪಾಣಿಯಲ್ಲಿದ್ದ ಆಕೆಯ ಅಕ್ಕ ವಾರಕ್ಕೆರಡು ಸಲ ಅದಕ್ಕೆ ಕೈಯೊಡ್ಡಿ ಒಂದು ವರ್ಷ ಬದುಕಿ ಹೋಗಿದ್ದಳು. "ನನ್ನ ಯಂತ್ರಕ್ಕ ಹಚ್ಚಬ್ಯಾಡ್ರಿ" ಎಂದು ಒಮ್ಮೆ ಹೇಳಿದಳು. ಎರಡನೆಯ ಸಲ ಹೇಳಲಿಲ್ಲ.

ಡಾಕ್ಟರರಿಗೆ ತೊಡಕಾಗಿದ್ದು ಕಾರಣ. ಸಕ್ಕರೆ ಕಾಯಿಲೆ ಇಲ್ಲ, ಕಲ್ಲಿಲ್ಲ, ಬಿಪಿ ಅಷ್ಟೇನೂ ಹೆಚ್ಚಿಲ್ಲ. ಮತ್ತೇಕೆ ಕಿಡ್ನಿ ಸೋಲಬೇಕು? ಪೆನ್ನು ಮೇಜಿನ ಮೇಲಿಟ್ಟು ಆಕೆಯ ಕಡೆ ತಿರುಗಿ ಕೇಳಿದರು: "ಅವ್ವಾರ, ಬ್ಯಾರೆ ಯಾವ್ದರೆ ಗುಳಿಗಿ ತಗೋತೀರೇನ್ರಿ?"

ಆಕೆ ಬಾಯಿ ತೆರೆಯುವ ಮೊದಲೇ ನಾನು, "ಏನೂ ಇಲ್ರಿ" ಎಂದೆ.

ಗುಳಿಗೆ ಇತ್ತು. ಐದಾರು ವರ್ಷದಿಂದ ಇತ್ತು. ಮುಂಜಾನೆ ಸಂಜೆ ಕುಕ್ಕರಗಾಲಲ್ಲಿ ಕುಳಿತು ನಾಲ್ಕು ಎಮ್ಮೆ ಹಿಂಡಿ ಆಕೆಯ ಮೊಣಕಾಲು ಹೋಗಿದ್ದವು. ಊರಿನ ಅಂಗಡಿಯಲ್ಲಿ ನೋವಿನ ಗುಳಿಗೆ ಸಿಗುತ್ತಿತ್ತು. ಚಹಾದ ಜೊತೆ ಒಂದು, ಕೆಲವು ದಿನ ಎರಡು. ನಮ್ಮ ಕಡೆ ಅದನ್ನು ಯಾರೂ ಔಷಧವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹೇಳದಿರಲು ಅದಷ್ಟೇ ಕಾರಣವಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಸಂತೆಯಲ್ಲಿ ಕೊಳ್ಳುವವನು "ಐಬು ಏನರೆ ಐತೇನ?" ಎಂದು ಕೇಳಿದಾಗ ದಲ್ಲಾಳಿಯ ಬಾಯಿಂದ ಬರುವ ಮಾತು ಒಂದೇ: ಏನೂ ಇಲ್ರಿ. ನಾವು ರೇಟು ಕೂಡ ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈಮೇಲೆ ಟವೆಲ್ ಹೊದಿಸಿ ಒಳಗೆ ಬೆರಳು ಹಿಚುಕಿ ಹೇಳುತ್ತೇವೆ. ಪಕ್ಕದಲ್ಲಿ ನಿಂತವನಿಗೂ ತಿಳಿಯಬಾರದು. ಮೂವತ್ತು ವರ್ಷ ಹೀಗೆ ಮುಚ್ಚಿಟ್ಟ ಕೈ ಡಾಕ್ಟರರ ಎದುರಿಗೆ ಮಾತ್ರ ತೆರೆಯುವುದು ಹೇಗೆ?

ಬಸ್ಸಿನಲ್ಲಿ ಆಕೆ ಕೇಳಿದಳು. "ಗುಳಿಗಿ ಸುದ್ದಿ ಯಾಕ ಹೇಳ್ಲಿಲ್ರಿ?"

"ಎಲ್ಲಾ ಬಿಚ್ಚಿ ಮುಂದ ಇಟ್ರ ಅವರು ಇನ್ನೂ ನಾಕ ಟೆಸ್ಟ್ ಬರೀತಾರ. ಐಬು ಇದ್ರ ಅವರ ಹುಡಕಲಿ."

ಆಕೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ನಾನು ಆ ದಿನ ಒಳ್ಳೆಯ ವ್ಯವಹಾರ ಮಾಡಿದ ಹಾಗೇ ಮನೆಗೆ ಬಂದೆ.

ಫೈಲು ಬಿಚ್ಚಿ ನೋಡಿದೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಅರ್ಥ ಒಂದೂ ಆಗಲಿಲ್ಲ. ಒಂದು ಕಾಗದದಲ್ಲಿ ರೀನಲ್ ಎಂದಿತ್ತು, ಇನ್ನೊಂದರಲ್ಲಿ ನೆಫ್ರೋ. ಎರಡು ಬೇರೆ ರೋಗ ಎಂದು ಎರಡು ದಿನ ಊಟ ಬಿಟ್ಟೆ. ಆಮೇಲೆ ಗೊತ್ತಾಯಿತು, ಎರಡೂ ಕಿಡ್ನಿಯದೇ ಮಾತು. ಒಂದೇ ಎಮ್ಮೆಗೆ ಎರಡು ಹೆಸರು ಹೇಳಿ ಇಬ್ಬರಿಗೆ ತೋರಿಸಿದರೆ ಸಂತೆಯಲ್ಲಿ ಹಗ್ಗ ತೆಗೆದುಕೊಂಡು ಬಡಿಯುತ್ತಾರೆ. ಈ ಡಾಕ್ಟರರನ್ನು ಕೇಳುವವರೇ ಇಲ್ಲ.

ಇದನ್ನು ಕಲಿತೇ ಬಿಡಬೇಕು ಎಂದು ಹಟ ಹಿಡಿದೆ. ನನ್ನ ತಮ್ಮನ ಮಗಳು ಚಿಕ್ಕೋಡಿಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಹನ್ನೆರಡನೆಯವರೆಗೆ ಕನ್ನಡದಲ್ಲೇ ಓದಿದವಳು, ಶರೀರರಚನೆಯ ಪೇಪರಿನಲ್ಲಿ ಒಮ್ಮೆ ನಪಾಸಾಗಿದ್ದಳು. ಪ್ರತಿ ಭಾನುವಾರ ಮನೆಗೆ ಬರುತ್ತಿದ್ದಳು. ಕಿಡ್ನಿಯ ಪಾಠವನ್ನಷ್ಟೇ ಹೇಳಿಕೊಡು ಎಂದು ಕೇಳಿದೆ. ಅದು ಪುಸ್ತಕದ ಕೊನೆಗಿದೆ, ತಾನಿನ್ನೂ ಎಲುಬಿನಲ್ಲೇ ಇದ್ದೇನೆ ಎಂದಳು. ಪುಸ್ತಕದ ಸಾಲಿನಲ್ಲೇ ಹೋಗೋಣ, ಅವಳು ಬಾಯಿಪಾಠ ಒಪ್ಪಿಸಬೇಕು, ನಾನು ಪುಸ್ತಕ ಹಿಡಿದು ತಪ್ಪು ಹುಡುಕಬೇಕು, ಪ್ರತಿಯಾಗಿ ಒಂದೊಂದು ಮಾತಿನ ಅರ್ಥ ನನಗೆ ಹೇಳಬೇಕು. ಹೀಗೆ ಕರಾರಾಯಿತು. ದೇಹದಲ್ಲಿ ಎಲುಬಿನದು, ರಕ್ತದ್ದು, ಉಸಿರಿನದು ಎಂದು ಒಟ್ಟು ಹನ್ನೊಂದು ಅಂಗವ್ಯೂಹವಂತೆ. ಒಂದು ಕೇಳಲು ಹೋಗಿ ಹನ್ನೊಂದು ಬಂದರೆ ಯಾವ ದಲ್ಲಾಳಿ ಬಿಡುತ್ತಾನೆ? ಒಪ್ಪಿದೆ. ಮನೆಯಲ್ಲಿ ಒಬ್ಬರಿಗೆ ಅವಸರವಿದ್ದಾಗ ಸಗಟು ವ್ಯಾಪಾರಕ್ಕೆ ಕೈ ಹಾಕಬೇಡಿ ಎಂದು ಯಾರಿಗಾದರೂ ಹೇಳಬೇಕೆನಿಸುತ್ತದೆ. ಆಗ ನನಗೆ ಹೇಳುವವರಿರಲಿಲ್ಲ, ಇದ್ದರೂ ನಾನು ಕೇಳುತ್ತಿರಲಿಲ್ಲ.

ಪಾಠ ನಡೆಯುತ್ತಿದ್ದುದು ಸಂಜೆ, ದನದ ಕೊಟ್ಟಿಗೆಯ ಕಟ್ಟೆಯ ಮೇಲೆ. ಸಂತೆಯ ಪದ್ಧತಿಯಲ್ಲೇ ಒಂದೊಂದು ಬೆರಳಿಗೆ ಒಂದೊಂದು ವ್ಯೂಹ ಕಟ್ಟಿದೆ. ಹೆಬ್ಬೆರಳು ಎಲುಬು, ತೋರುಬೆರಳು ಸ್ನಾಯು, ನಡುಬೆರಳು ಹೃದಯ ಮತ್ತು ರಕ್ತ, ಅದರ ಪಕ್ಕದ್ದು ಉಸಿರು, ಕಿರುಬೆರಳು ಜೀರ್ಣ. ಬೆರಳಿನ ಗೆಣ್ಣುಗಳಿಗೆ ಮಾತುಗಳು: ಕಾರ್ಡಿಯೋ ಅಂದರೆ ಹೃದಯ, ಹೆಪ್ಯಾಟೋ ಅಂದರೆ ಲಿವರ್, ಗ್ಯಾಸ್ಟ್ರೋ ಅಂದರೆ ಜಠರ. ಕೊನೆಗೆ 'ಐಟಿಸ್' ಬಂದರೆ ಉರಿಯೂತ, 'ಎಕ್ಟಮಿ' ಬಂದರೆ ಕೊಯ್ದು ತೆಗೆದದ್ದು. ಮೊದಮೊದಲು ಚೆನ್ನಾಗಿ ನಡೆಯಿತು. ಆಮೇಲೆ ನ್ಯೂಮೋ ಬಂತು, ನ್ಯೂರೋ ಬಂತು. ಒಂದು ಗಾಳಿ, ಒಂದು ನರ. ಹೈಪರ್ ಎಂದರೆ ಹೆಚ್ಚು, ಹೈಪೋ ಎಂದರೆ ಕಡಿಮೆ. ಒಂದು ಅಕ್ಷರದ ಅಂತರದಲ್ಲಿ ಪೂರ್ತಿ ಉಲ್ಟಾ. ಅವಸರದಲ್ಲಿ ಓದುವ ನರ್ಸಿನ ಕೈಯಲ್ಲಿ ಇಂಥ ಮಾತು ಕೊಟ್ಟವರು ಎಂಥ ಜನ ಎಂದು ಪುಸ್ತಕ ಮಡಚಿ ಒಗೆದೆ. ಹುಡುಗಿ ಎತ್ತಿ ಧೂಳು ಒರೆಸಿದಳು.

"ದೊಡ್ಡಪ್ಪ, ಪರೀಕ್ಷೆ ನನಗದ. ನೀವ್ಯಾಕ ಬೆವರಾಕತ್ತೀರಿ?"

ಎಮ್ಮೆಯ ಹೊಟ್ಟೆಯ ಕೆಳಗಿನಿಂದ ನನ್ನ ಹೆಂಡತಿ ನಕ್ಕಳು. ಹಾಲು ಹಿಂಡುತ್ತಲೇ ಆಕೆ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ಬೆರಳು ಮಡಚಿ ಬಿಚ್ಚಿ ತಡಕಾಡುವಾಗ ಅಲ್ಲಿಂದಲೇ "ಲಿವರ್" ಎಂದೋ "ಉಸರಿಂದು" ಎಂದೋ ಉತ್ತರ ಬರುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದವಳು. ನನಗೆ ಅದೂ ಒಂದು ಕಿರಿಕಿರಿ.

ಎರಡನೆಯ ಸಲ ಅಥಣಿಗೆ ಹೋದಾಗ ಅಂಕಿ ಎರಡು ಪಾಯಿಂಟ್ ಆರು. ನಾನು ಕಲಿತದ್ದನ್ನೆಲ್ಲ ಹೊರಗೆ ತೆಗೆದೆ. ರೀನಲ್ ಫಂಕ್ಷನ್ ಹೇಗಿದೆ, ಕಾರ್ಡಿಯಾಕ್ ಏನೂ ತೊಂದರೆ ಇಲ್ಲವಷ್ಟೆ, ಹೆಪ್ಯಾಟಿಕ್ ಕೂಡ ನೋಡಿಬಿಡಿ ಎಂದೆ. ಡಾಕ್ಟರರು ಕನ್ನಡಕದ ಮೇಲಿಂದ ನೋಡಿ, ಮಾತು ಚೆನ್ನಾಗಿ ಕಲಿತಿದ್ದೀರಿ, ಮನೆಯಲ್ಲಿ ಇವರು ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ, ಅದನ್ನು ಹೇಳಿ ಎಂದರು. ಉಪ್ಪು ಕಡಿಮೆ ಮಾಡಿದ್ದೇವೆ ಎಂದೆ. ಆಕೆ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ದೇಹದ ಚಿತ್ರ ನೋಡಿದೆ. ಅದರಲ್ಲಿದ್ದ ಎಲ್ಲ ಭಾಗಗಳ ಹೆಸರು ನನಗೆ ಆಗ ಬರುತ್ತಿದ್ದವು.

ಮೂರನೆಯ ಸಲ ಎರಡು ಪಾಯಿಂಟ್ ಒಂಬತ್ತು. ಕೈಯ ರಕ್ತನಾಳ ಯಂತ್ರಕ್ಕೆ ತಯಾರು ಮಾಡುವ ಸಣ್ಣ ಆಪರೇಷನ್ ಬಗ್ಗೆ ಯೋಚನೆ ಮಾಡಿಟ್ಟುಕೊಳ್ಳಿ ಎಂದರು. ಆ ದಿನ ಮನೆಗೆ ಬಂದು ಆಕೆ ಬಳೆ ತೆಗೆದು ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮೊಣಕಾಲು ನೋಯುತ್ತಿತ್ತು, ಗುಳಿಗೆ ನುಂಗಿ ಹಾಲು ಹಿಂಡಲು ಹೋದಳು. ನಾನು ಕಣ್ಣೆದುರಿಗೇ ನೋಡುತ್ತ ಕುಳಿತಿದ್ದೆ.

ಮುಂದಿನ ಭಾನುವಾರ ಕೊನೆಗೂ ಹನ್ನೊಂದನೆಯ ಪಾಠ ಬಂತು. ಹತ್ತು ಬೆರಳೂ ಮುಗಿದು ಮೂತ್ರದ ವ್ಯೂಹಕ್ಕೆ ಕಟ್ಟಲು ಬೆರಳೇ ಉಳಿದಿರಲಿಲ್ಲ. ಯಾವುದಕ್ಕಾಗಿ ಹೊರಟಿದ್ದೆನೋ ಅದಕ್ಕೇ ಜಾಗವಿಲ್ಲ. ಹುಡುಗಿ ಒಪ್ಪಿಸುತ್ತ ಒಪ್ಪಿಸುತ್ತ ಒಂದು ಮಾತಿನ ಹತ್ತಿರ ನಿಂತು, ಇದನ್ನು ನೀವೇ ಬಿಡಿಸಿ ಎಂದಳು: ನೆಫ್ರೋಟಾಕ್ಸಿಕ್. ನೆಫ್ರೋ ಕಿಡ್ನಿ. ಟಾಕ್ಸಿಕ್ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದ್ರಾಕ್ಷಿಗೆ ಹೊಡೆಯುವ ಔಷಧದ ಡಬ್ಬಿಯ ಮೇಲೆ ಕೆಂಪು ಗುರುತಿನ ಪಕ್ಕದಲ್ಲಿ ಇಪ್ಪತ್ತು ವರ್ಷದಿಂದ ನೋಡಿದ್ದೆ. ಕಿಡ್ನಿಗೆ ವಿಷ ಎಂದೆ.

"ಹೌದ್ರಿ. ಇಲ್ಲಿ ಪಟ್ಟಿ ಐತಿ ನೋಡ್ರಿ" ಎಂದು ಬೆರಳಿಟ್ಟು ಓದಿದಳು. ಮೊದಲ ಸಾಲಿನಲ್ಲೇ ಇತ್ತು: ನೋವಿನ ಗುಳಿಗೆಗಳು, ಬಹಳ ದಿನ ತೆಗೆದುಕೊಂಡರೆ.

ಎಮ್ಮೆಯ ಕೆಳಗೆ ಹಾಲಿನ ಧಾರೆಯ ಸದ್ದು ನಿಂತಿತು. ಆಕೆಗೂ ಕೇಳಿಸಿತ್ತು. ಹುಡುಗಿ ಇಬ್ಬರ ಮುಖವನ್ನೂ ನೋಡಿ, "ದೊಡ್ಡವ್ವ, ನೀ ತಗೋತಿ ಅಲ್ಲ? ಡಾಕ್ಟರಿಗೆ ಹೇಳೀರೇನ?" ಎಂದಳು.

"ಕೇಳಿದ್ರವ್ವಾ" ಎಂದಳು ನನ್ನ ಹೆಂಡತಿ. "ನನ್ನ ಕೇಳಿದ್ರು. ಉತ್ತರ ಇವರು ಕೊಟ್ರು."

ಆಕೆ ಬೈದಿದ್ದರೆ ಚೆನ್ನಾಗಿತ್ತು. ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಎಮ್ಮೆಯಲ್ಲಿ ಇನ್ನೂ ಅರ್ಧ ಹಾಲಿತ್ತು. ನಾನು ಎದ್ದು ಬೇರೆ ಪಾತ್ರೆ ಹಿಡಿದು ಕುಕ್ಕರಗಾಲಲ್ಲಿ ಕುಳಿತೆ. ಬಹಳ ವರ್ಷವಾಗಿತ್ತು ನಾನು ಹಿಂಡಿ. ಸಂತೆಯಲ್ಲಿ ಐಬು ಮುಚ್ಚಿ ಮಾರಿದ ಎಮ್ಮೆ ಹದಿನೈದು ದಿನದಲ್ಲಿ ಗೊತ್ತಾಗುತ್ತದೆ, ಕೊಂಡವನು ಹಗ್ಗ ಹಿಡಿದು ಬಾಗಿಲಿಗೆ ಬರುತ್ತಾನೆ. ಆದರೂ ಅಲ್ಲಿ ಮಾರುವವನೊಬ್ಬ, ಕೊಳ್ಳುವವನೊಬ್ಬ ಇರುತ್ತಾನೆ. ಅಥಣಿಯ ಆ ಕೋಣೆಯಲ್ಲಿ ನಾನು ಏನನ್ನು ಯಾರಿಗೆ ಮಾರುತ್ತಿದ್ದೆ? ಹತ್ತು ನಿಮಿಷಕ್ಕೆ ಮೊಣಕಾಲು ಹಿಡಿದು ಏಳಲು ಆಗಲಿಲ್ಲ. ಎಮ್ಮೆ ಒದ್ದು ಪಾತ್ರೆ ಉರುಳಿಸಿತು.

ಮರುದಿನವೇ ಅಥಣಿಗೆ ಹೋದೆವು. ಮನೆಯ ಮಾಡದಲ್ಲಿ, ಸೀರೆಯ ಗಂಟಿನಲ್ಲಿ, ಚಹಾಪುಡಿಯ ಡಬ್ಬಿಯ ಹಿಂದೆ ಇದ್ದ ಖಾಲಿ ಗುಳಿಗೆಯ ಹಾಳೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡಿದ್ದೆ. ಡಾಕ್ಟರರ ಬಾಗಿಲಲ್ಲಿ ಆಕೆ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನಾನ ಹೇಳ್ತೀನಿ. ನೀವು ಹೊರಗ ಕುಂದರ್ರಿ."

ಕೂತೆ. ಆಮೇಲೆ ಡಾಕ್ಟರರು ನನ್ನನ್ನು ಒಳಗೆ ಕರೆದರು. ಮೇಜಿನ ತುಂಬ ಬೆಳ್ಳಿಬಣ್ಣದ ಹಾಳೆಗಳು. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. ಮೊದಲ ದಿನವೇ ಹೇಳಿದ್ದರೆ ಮೂರು ತಿಂಗಳ ಹಾನಿ ತಪ್ಪುತ್ತಿತ್ತು, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯಬಹುದು ಎಂದರು. ಗುಳಿಗೆ ಅಂದಿಗೆ ನಿಂತಿತು. ನೋವಿಗೆ ಬೇರೆ ದಾರಿ ಹೇಳಿದರು: ಬಿಸಿ ಶಾಖ, ವ್ಯಾಯಾಮ, ಹಿಂಡುವಾಗ ಮಣೆ. ಹಿಂಡುವುದು ಈಗ ನನ್ನ ಕೆಲಸ. ಎರಡು ಎಮ್ಮೆ ಮಾರಿದೆ, ಕೊಂಡವನಿಗೆ ಒದೆಯುವ ಎಮ್ಮೆ ಯಾವುದೆಂದು ಬಾಯಿ ಬಿಟ್ಟು ಹೇಳಿದೆ. ಅವನು ಇದರಲ್ಲೇನೋ ಮೋಸವಿದೆ ಎಂದು ಎರಡು ವಾರ ಸತಾಯಿಸಿದ.

ಒಂದು ತಿಂಗಳಿಗೆ ಅಂಕಿ ಎರಡು ಪಾಯಿಂಟ್ ಏಳಕ್ಕೆ ಬಂತು. ಆಪರೇಷನ್ ಸದ್ಯಕ್ಕೆ ಬೇಡ ಎಂದರು. ಹೋದ ವಾರ ಮತ್ತೆ ಹೋಗಿದ್ದೆವು. ಆಕೆ ಒಳಗೆ, ನಾನು ಹೊರಗೆ. ಈಗ ಅದೇ ಪದ್ಧತಿ. ನನ್ನ ಪಕ್ಕದ ಬೆಂಚಿನಲ್ಲಿ ಐನಾಪುರದ ಒಬ್ಬ ರೈತ ತಾಯಿಯನ್ನು ಕರೆದುಕೊಂಡು ಕುಳಿತಿದ್ದ. ನನಗೆ ಸುಮ್ಮನಿರಲು ಬರುವುದಿಲ್ಲ. ಒಳಗೆ ಹೋಗುವ ಮೊದಲು ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ತಂದು ತೋರಿಸಿರಿ, ಅಂಗಡಿಯಿಂದ ತಂದದ್ದನ್ನೂ, ನಾಟಿ ಪುಡಿಯನ್ನೂ, ಒಂದನ್ನೂ ಬಿಡಬೇಡಿ, ಕಾಯಿಲೆಯವರ ಬಾಯಿಂದಲೇ ಹೇಳಿಸಿರಿ ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿ ನನ್ನ ಮುಖವನ್ನು ಗುರುತು ಹಿಡಿಯುವವನಂತೆ ನೋಡಿದ.

"ದಲ್ಲಾಳೇರ, ಐದ ವರ್ಷದ ಹಿಂದ ನನಗ ಎಮ್ಮಿ ಕೊಡಸಿದ್ರಿ. ಆವಾಗ ಎಲ್ಲಾ ಹೇಳಿದ್ರೇನ್ರಿ?"

ಬಾಗಿಲು ತೆರೆದು ಆಕೆ ಬಂದಳು. ಕೈಯಲ್ಲಿ ಕಾಗದ. "ಏರಿಲ್ಲ. ಅಷ್ಟ ಐತಿ" ಎಂದಳು. ಇಳಿದಿಲ್ಲ ಎಂದು ನನಗೆ ಬೇಜಾರು, ಏರಿಲ್ಲ ಎಂದು ಆಕೆಗೆ ಸಮಾಧಾನ. ಬಸ್ ಸ್ಟ್ಯಾಂಡಿಗೆ ಮೆಲ್ಲಗೆ ನಡೆದೆವು, ಆಕೆಯ ಮೊಣಕಾಲಿನ ಲೆಕ್ಕದಲ್ಲಿ.

ಬಸ್ಸಿನಲ್ಲಿ ಕುಳಿತ ಮೇಲೆ ಕೇಳಿದಳು. "ಆ ಮನಷ್ಯಾ ನಿಮಗ ಏನ ಅಂದ?"

"ಏನೂ ಇಲ್ಲ" ಎಂದೆ.

ಎರಡು ಊರು ದಾಟಿದವು. ಕಬ್ಬಿನ ಟ್ರ್ಯಾಕ್ಟರೊಂದು ದಾರಿ ಬಿಡದೆ ಮುಂದೆ ಹೋಗುತ್ತಿತ್ತು. ಅದರ ಹಿಂದೆ ಬಸ್ಸು ತೆವಳುತ್ತಿದ್ದಾಗ ಆಕೆಯ ಕಡೆ ತಿರುಗಿ, ಅವನು ಅಂದದ್ದನ್ನು ಇದ್ದ ಹಾಗೇ ಹೇಳಿದೆ.

"ಆ ಎಮ್ಮಿ ಐಬು ಏನಿತ್ರಿ?" ಎಂದು ಕೇಳಿದಳು.

ಅದನ್ನೂ ಹೇಳಿದೆ.